ನೆಲ ಬಿಟ್ಟ ನರಿ

"ನಿನ್ನ ನರಿ ಇನ್ನೂ ತೇಲ್ತಾ ಇದೆ ಕಣೇ," ಎಂದಳು ಓಡೆಟ್.

"ತೇಲ್ತಿಲ್ಲ. ಕಾಲು ನೆಲದ ಮೇಲೇ ಇದೆ. ಬೇಕಾದ್ರೆ ನೀನೇ ಅಳತೆ ನೋಡ್ಕೋ," ಎಂದಳು ಮಾರ್ನಿ.

ಥಂಡರ್ ಬೇ ಎಂಬ ಊರಿನ ಶಾಲೆಯೊಂದರ ಲೈಬ್ರರಿಯಲ್ಲಿ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಅದರಲ್ಲಿದ್ದ ಗೇಮ್ ಇಬ್ಬರೂ ಸೇರಿ ಮಾಡಿದ್ದು. ನರಿಯನ್ನು ಮಾಡಿದವಳು ಮಾರ್ನಿ. ಬೆಳಕು, ನೆರಳು ಓಡೆಟ್ ಪಾಲಿನವು. ಮಧ್ಯಾಹ್ನ ಕಿಂಡರ್‌ಗಾರ್ಟನ್ ಮಕ್ಕಳು ಆಡಲು ಬರುವವರಿದ್ದರು.

ನರಿ ಒಂದು ಮಂಜುಗಡ್ಡೆಯಿಂದ ಇನ್ನೊಂದಕ್ಕೆ ಹಾರಬೇಕು. ಎಲ್ಲಿ ಇಳಿಯುತ್ತದೆ ಎಂದು ತಿಳಿಯುವುದು ನೆರಳು ನೋಡಿಯೇ. ಆದರೆ ನರಿ ಸುಮ್ಮನೆ ನಿಂತಾಗಲೂ ನೆರಳು ಕಾಲಿನಿಂದ ಒಂದು ಗೇಣು ಆಚೆ ಬಿದ್ದು, ಅದು ತೇಲಿದಂತೆ ಕಾಣುತ್ತಿತ್ತು. ನಿನ್ನೆ ಆಡಿ ನೋಡಿದ ಟೀಚರ್ ಮಿಸ್ ಕಾರ್ವರ್ ಮೂರು ಸಲ ನೀರಿಗೆ ಬಿದ್ದಿದ್ದರು.

ಶಾಲೆಯ ಗೇಮ್ ಕ್ಲಬ್ಬಿನಲ್ಲಿ ತಪ್ಪುಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಬೇಕು, ಸರಿಮಾಡಬೇಕಾದವರ ಹೆಸರಿನ ಸಮೇತ. ಓಡೆಟ್ ಹಿಂದೆಮುಂದೆ ನೋಡದೆ ಬರೆದಿದ್ದಳು: 'ನರಿ ತೇಲುತ್ತಿದೆ – ಮಾರ್ನಿ.' ಮೂರು ದಿನದಿಂದ ಮಾರ್ನಿ ನರಿಯನ್ನು ಕೂದಲೆಳೆಯಷ್ಟು ಏರಿಸಿ, ಇಳಿಸಿ ಸುಸ್ತಾಗಿದ್ದಳು.

ರಿಸೆಸ್ ಬೆಲ್ ಹೊಡೆಯಿತು. ಹೊರಗೆ ಒಳ್ಳೆಯ ಬಿಸಿಲಿತ್ತು. ಓಡೆಟ್ ಹಿಮದ ರಾಶಿಯ ಮೇಲಿಂದ ಜಿಗಿದಳು. ಗಾಳಿಯಲ್ಲಿದ್ದಾಗ ನೆರಳು ಬೂಟಿನಿಂದ ದೂರ ಸರಿದಿತ್ತು. ಇಳಿದ ಕೂಡಲೇ ಬಂದು ಅಂಟಿಕೊಂಡಿತು. ಅವಳು ಇನ್ನೊಮ್ಮೆ ಜಿಗಿದಳು.

ನರಿಯ ಕಾಲು ನೆಲದ ಮೇಲೇ ಇದ್ದರೆ, ದೂರ ಹೋಗಿರುವುದು ನೆರಳು.

ಆಗ ನೆನಪಾಯಿತು. ಕಳೆದ ವಾರ ನರಿಯ ನೆರಳು ಅದರ ಮೈಮೇಲೇ ಬಿದ್ದು ಬೆನ್ನ ಮೇಲೆಲ್ಲ ಕಪ್ಪು ಗೆರೆಗಳು ಬಂದಿದ್ದವು. ಗೇಮಿನ ಸೆಟ್ಟಿಂಗ್‌ನಲ್ಲಿ ನೆರಳನ್ನು ಚೂರು ಹಿಂದೆ ತಳ್ಳುವ ಒಂದು ನಂಬರ್ ಇರುತ್ತದೆ. ಅದನ್ನು ಏರಿಸಿದಾಗ ಗೆರೆಗಳು ಮಾಯವಾಗಿದ್ದವು. ಇನ್ನೂ ಸ್ವಲ್ಪ ಇರಲಿ ಎಂದು ಅವಳು ಮತ್ತಷ್ಟು ಏರಿಸಿದ್ದಳು.

ಒಳಗೆ ಓಡಿ ಬಂದು ನಂಬರನ್ನು ಸೊನ್ನೆ ಮಾಡಿದಳು. ನೆರಳು ಓಡಿ ಬಂದು ಕಾಲಿಗೆ ಸೇರಿತು. ಗೆರೆಗಳೂ ಮತ್ತೆ ಬಂದವು.

"ಜೀಬ್ರಾ ಆಯ್ತಲ್ಲೇ," ಎಂದಳು ಹಿಂದೆಯೇ ಬಂದ ಮಾರ್ನಿ.

"ಇರು, ನಂಗೆ ಗೊತ್ತು."

ಓಡೆಟ್ ನಂಬರನ್ನು ಒಂದೊಂದೇ ಚೂರು ಏರಿಸಿದಳು. ಕೊನೆಯ ಗೆರೆ ಮಾಯವಾದಲ್ಲಿಗೆ ನಿಲ್ಲಿಸಿದಳು. ನರಿ ಮಂಜುಗಡ್ಡೆಯ ಮೇಲೆ ಗಟ್ಟಿಯಾಗಿ ನಿಂತಿತ್ತು.

"ಅಷ್ಟೇನಾ?"

"ಅಷ್ಟೇ. ನಾನೇ ಜಾಸ್ತಿ ಮಾಡಿಟ್ಟಿದ್ದೆ."

"ಮೂರು ದಿನ ಕಣೇ," ಎಂದಳು ಮಾರ್ನಿ.

ಓಡೆಟ್‌ಗೆ ನಾಚಿಕೆಯಾಯಿತು. "ಹೂಂ. ಸಾರಿ."

ಸರಿಹೋದ ತಪ್ಪಿನ ಮೇಲೆ ಗೀಟು ಎಳೆಯುವುದು ಕ್ಲಬ್ಬಿನ ರೂಢಿ. ಮಾರ್ನಿ ಪೆನ್ನು ತೆಗೆದುಕೊಂಡಳು. ಓಡೆಟ್ ಅದನ್ನು ಕೇಳಿ ಪಡೆದಳು. ಮೊದಲು ಮಾರ್ನಿಯ ಹೆಸರನ್ನು ಒರೆಸಿ ತನ್ನ ಹೆಸರು ಬರೆದಳು. ಆಮೇಲೆ ಗೀಟು ಎಳೆದಳು.