ಬುಟ್ಟಿಯ ಕೆಳಗಿನ ಬೆಳಕು

"ಇದನ್ನ ಲೈಟ್ ಅಂತ ಕರೀತಾರೇನ್ರೀ?"

ಸೈಕಲ್ ರಿಪೇರಿ ಅಂಗಡಿಯ ಮುಂದೆ ಬ್ರೇಕು ಕಿರ್ರೆಂದಿತು. ಅದಕ್ಕಿಂತ ಜೋರಾಗಿ ಕಿರುಚಿದವಳು ಸೈಕಲ್ಲಿನ ಒಡತಿ. ಮೊಣಕೈ ತರಚಿತ್ತು, ಬಟ್ಟೆಯೆಲ್ಲ ಕೆಸರು, ಕಣ್ಣಲ್ಲಿ ಬೆಂಕಿ...

ಒಳಗೆ ಪಂಕ್ಚರ್ ಹಾಕುತ್ತ ಕೂತಿದ್ದವನು ತಲೆ ಎತ್ತಿದ. ನಿನ್ನೆಯಷ್ಟೇ ಅವಳ ಸೈಕಲ್ಲಿಗೆ ಚಕ್ರ ತಿರುಗಿದಾಗ ಉರಿಯುವ ಡೈನಮೋ ಲೈಟು ಹಾಕಿಕೊಟ್ಟವನು ಅವನೇ.

"ಏನಾಯ್ತು?"

"ಏನಾಗಬೇಕಿತ್ತು? ಚರಂಡಿಗೆ ಬಿದ್ದೆ! ನಿಮ್ಮ ಲೈಟು ರಸ್ತೆ ಒಂದನ್ನ ಬಿಟ್ಟು ಬೇರೆಲ್ಲ ತೋರಿಸುತ್ತೆ. ಬುಟ್ಟಿ ಒಳಗೆ ಜಗಜಗ ಬೆಳಕು! ಕೆಮ್ಮಿನ ಔಷಧಿ ಬಾಟಲಿ ಮೇಲೆ ಬರೆದಿದ್ದನ್ನೆಲ್ಲ ಓದ್ಕೊಂಡು ಸೀದಾ ಚರಂಡಿಗೆ ಹೋದೆ!"

ಅವಳು ಚಿಕ್ಕಮ್ಮನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಂಗಡಿಗೆ ಬರಲಾಗದವರ ಮನೆಗೆ ಸಂಜೆ ಹೊತ್ತು ಔಷಧಿ ತಲುಪಿಸುವುದು ಅವಳ ಪಾಲಿಗೆ ಬಂದಿತ್ತು. ಅದಕ್ಕೇ ಸೈಕಲ್ಲಿನ ಮುಂದೆ ಅಷ್ಟಗಲದ ತಂತಿ ಬುಟ್ಟಿ. ನಿನ್ನೆ ಅವನು ಹ್ಯಾಂಡಲ್ಲಿಗೆ ಲೈಟು ಹಾಕಿ ಪರೀಕ್ಷಿಸಿದಾಗ ಬುಟ್ಟಿ ಖಾಲಿಯಿತ್ತು. ಬೆಳಕು ತಂತಿಯ ಸಂದಿನಿಂದ ತೂರಿ ರಸ್ತೆಗೆ ಬಿದ್ದಿತ್ತು. ಔಷಧಿ ತುಂಬಿದ ಮೇಲೆ ಏನಾದೀತು ಎಂದು ಅವನೂ ಯೋಚಿಸಲಿಲ್ಲ, ಅವಳೂ ಯೋಚಿಸಲಿಲ್ಲ. ಜಾಣರಿಬ್ಬರೂ!

ಅವನು ಒಂದು ಚೊಂಬು ನೀರು, ಒಗೆದ ಬಟ್ಟೆ ತಂದು ಅವಳ ಮುಂದೆ ಹಿಡಿದ.

"ಮೊದಲು ಕೈ ತೊಳ್ಕೊಳ್ಳಿ. ಆಮೇಲೆ ಬೈಯೋರಂತೆ. ತಪ್ಪು ನಂದೇ."

ಇನ್ನೂ ನಾಲ್ಕು ಮಾತು ಬೈಯಲು ಸಿದ್ಧವಾಗಿ ಬಂದವಳು ಚೊಂಬು ಇಸಕೊಂಡು ಮೊಣಕೈ ತೊಳೆಯತೊಡಗಿದಳು.

ಅಂಗಡಿಯ ಯಜಮಾನ, ಅಂದರೆ ಅವನ ಭಾವ, ಗಹಗಹಿಸಿ ನಕ್ಕ. "ಬುಟ್ಟಿ ಮೇಡಂ, ನೀವು ಪುಣ್ಯವಂತರು ಕಣ್ರೀ! ಈ ಗುಮ್ಮನಗುಸುಕನ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ನಮ್ಮ ಮನೆಯವಳೂ ಕೇಳಿಲ್ಲ. ಅವಳು ಇವನ ಸ್ವಂತ ಅಕ್ಕ!"

ಅವನು ಲೈಟನ್ನು ಬಿಚ್ಚಿದ. ಕಬ್ಬಿಣದ ಪಟ್ಟಿಯೊಂದನ್ನು ಬಗ್ಗಿಸಿ, ತೂತು ಕೊರೆದು, ಬುಟ್ಟಿಯ ತಳಕ್ಕಿಂತ ಕೆಳಗೆ, ಹ್ಯಾಂಡಲ್ಲಿನ ಜೊತೆ ತಿರುಗುವ, ಮುಂದಿನ ಚಕ್ರ ಹಿಡಿದ ಫೋರ್ಕಿಗೆ ಬಿಗಿದ. ಬುಟ್ಟಿಯ ಕಂಬಿಗಳು ಮುಂದಿನ ಚಕ್ರದ ಆಸುಪಾಸನ್ನೆಲ್ಲ ಹಿಡಿದಿದ್ದರಿಂದ ಡೈನಮೋ ಹಿಂದಿನ ಚಕ್ರದಲ್ಲೇ ಇರಬೇಕಿತ್ತು. ಅಲ್ಲಿಂದ ಲೈಟಿನವರೆಗೂ ವೈರನ್ನು ಒಂಚೂರೂ ಜೋಲದಂತೆ ಎಳೆದು ಕಟ್ಟಿದ. ಈ ಸಲ ಬುಟ್ಟಿಗೆ ಎರಡು ಹಳೇ ಟೈರು ತುಂಬಿ ಪರೀಕ್ಷಿಸಿದ.

ಪೆಡಲ್ ತಿರುಗಿತು. ಗುಂಯ್ ಎಂದಿತು ಡೈನಮೋ. ಎದುರಿನ ರಸ್ತೆ ಬೆಳಗಿತು.

*ಮುಖ ಎತ್ತಿ ನೋಡಬಾರದಾ ಒಂದ್ಸಲ...* ಎಂದುಕೊಂಡಳು ಅವಳು. ಮರುಕ್ಷಣವೇ ಬೆಚ್ಚಿದಳು. ಅಯ್ಯೋ, ಬಿದ್ದಿದ್ದು ಮೊಣಕೈ ಮೇಲೋ, ತಲೆ ಮೇಲೋ!

ಒಂದು ವಾರವಾಗಿರಲಿಲ್ಲ, ಲೈಟು ಕೆಟ್ಟಿತು. ವೈರು ತುಂಡಾಗಿತ್ತು. ಅವನು ಹೊಸದು ಹಾಕಿದ. ಮತ್ತೆ ತುಂಡಾಯಿತು. ಮತ್ತೆ ಹಾಕಿದ.

ಅವಳಿಗೋ, ನಿಜ ಹೇಳಬೇಕೆಂದರೆ, ಬೇಜಾರೇನೂ ಆಗಲಿಲ್ಲ. ಲೈಟು ಕೆಟ್ಟ ಸಂಜೆಗಳಲ್ಲಿ ಅವನ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ಕೂತು ಬಾಯಿಗೆ ಬಂದದ್ದೆಲ್ಲ ಹರಟುವಳು. ಅವನು "ಹೂಂ" ಎನ್ನುವನು. ಒಂದು ದಿನ ನಕ್ಕ. ಆ ನಗು ರಾತ್ರಿಯೆಲ್ಲ ಅವಳನ್ನು ಮಲಗಲು ಬಿಡಲಿಲ್ಲ.

ಆದರೆ ಚಿಕ್ಕಮ್ಮ ಸುಮ್ಮನಿರುವವರೇ?

"ಏನೇ, ಮತ್ತೆ ಕೆಟ್ಟಿತಾ ನಿನ್ನ ಲೈಟು? ಊರಲ್ಲಿ ಯಾರ ಸೈಕಲ್ಲೂ ಹೀಗೆ ಕೆಡಲ್ಲ. ಮಗುವನ್ನ ಚಿವುಟಿ ತೊಟ್ಟಿಲು ತೂಗೋರನ್ನ ನಾನೂ ಕಂಡಿದ್ದೀನಿ. ನೀನು ಬರಲಿ ಅಂತ ಅವನೇ ಏನೋ ಮಾಡಿ ಕಳಿಸ್ತಾನೆ, ನೋಡ್ತಿರು!"

*ಛೇ, ಇರಲಿಕ್ಕಿಲ್ಲ...* ಆದರೂ ಮಾತು ಒಳಗೆ ಕೂತುಬಿಟ್ಟಿತು. ಮರುದಿನ ಸಂಜೆ ಇಳಿಜಾರಿನ ನಡುವೆ ಲೈಟು ಫಕ್ಕನೆ ಆರಿ, ಎದುರು ಬಂದ ಲಾರಿ ಅವಳ ತೋಳು ಸವರಿಕೊಂಡೇ ಹೋದಾಗ, ಭಯವೆಲ್ಲ ಸಿಟ್ಟಾಗಿ ಹೊತ್ತಿಕೊಂಡಿತು.

"ನಾನು ಬರಬೇಕು ಅಂತ ನೀವೇ ಕೆಡಿಸಿ ಕಳಿಸ್ತೀರಲ್ವಾ? ಲಾರಿಗೆ ಸಿಕ್ಕಿ ಸತ್ತಿದ್ರೆ ಆಗ ಯಾರಿಗೆ ರಿಪೇರಿ ಮಾಡ್ತಿದ್ರಿ?"

ಅವನ ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಿತ್ತು. ಮುಖ ಬಿಳಿಚಿಕೊಂಡಿತು.

*ಇಲ್ಲ ಅನ್ನಿ! ಒಂದೇ ಒಂದು ಸಲ ಇಲ್ಲ ಅಂದ್ಬಿಡಿ...*

ಅವನು ಅನ್ನಲಿಲ್ಲ. ತುಂಡಾದ ವೈರನ್ನು ಎತ್ತಿ ಹಿಡಿದು ನೋಡಿ ಕೇಳಿದ, "ಸೈಕಲ್ ಎಲ್ಲಿ ನಿಲ್ಲಿಸ್ತೀರಿ?"

"ಮಾತು ಮರೆಸಬೇಡಿ! ನಮ್ಮ ಅಂಗಡಿ ಪಕ್ಕದ ಇಕ್ಕಟ್ಟು ಸಂದಿಯಲ್ಲಿ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅವನು ಹೊಸ ವೈರು ಹಾಕಿ ಕೆಲಸ ಮುಗಿಸಿದ. "ಇನ್ಮೇಲೆ ಕೆಡಲ್ಲ. ನೀವಿಲ್ಲಿಗೆ ಬರೋ ಅಗತ್ಯ ಬೀಳಲ್ಲ."

ಅವನು ಹೇಳಿದಂತೆಯೇ ಆಯಿತು. ಲೈಟು ಕೆಡಲಿಲ್ಲ.

ಹಾಳಾದ್ದು, ಕೆಡಲೇ ಇಲ್ಲ!

ಹಳ್ಳದಲ್ಲಿ ಇಳಿಸಿದಳು, ಕಲ್ಲಿನ ಮೇಲೆ ಹತ್ತಿಸಿದಳು. ಅದು ಉರಿಯಿತು. ಮಳೆಯಲ್ಲಿ ನೆನೆಸಿದಳು. ಉರಿಯಿತು! ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತಲೆನೋವಿನವರಿಗೆ ಹೊಟ್ಟೆನೋವಿನ ಮಾತ್ರೆ ಕೊಡಹೋಗಿ ಚಿಕ್ಕಮ್ಮನಿಂದ ಬೈಸಿಕೊಂಡಳು. ದಾರಿ ಸುತ್ತಾದರೂ ಅವನ ಅಂಗಡಿಯ ಮುಂದೆಯೇ ಹೋಗುವಳು. ಡೈನಮೋದ ಸದ್ದು ಕೇಳಿದರೂ ಅವನು ತಲೆ ಎತ್ತುತ್ತಿರಲಿಲ್ಲ.

*ತಪ್ಪು ಮಾಡಿದ್ದು ಅವರು. ನನಗ್ಯಾಕೆ ಈ ಸಂಕಟ?*

ಒಂದು ಸಂಜೆ ಔಷಧಿ ಹಂಚಿ ಬಂದು ಸೈಕಲ್ಲನ್ನು ಸಂದಿಗೆ ನೂಕಿದಳು. ಗೋಡೆಗೂ ಗೋಡೆಗೂ ನಡುವೆ ಜಾಗ ಕಡಿಮೆ. ಬುಟ್ಟಿ ತಗುಲದಂತೆ ಹ್ಯಾಂಡಲ್ಲನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಚಿದಳು. ಈ ಬುಟ್ಟಿ ಬಂದಾಗಿನಿಂದ ಅವಳು ಹಾಗೆಯೇ ನಿಲ್ಲಿಸುತ್ತಿದ್ದಳು.

ಚಿಕ್ಕಮ್ಮನ ಕಿಟಕಿಯ ಬೆಳಕು ಬಿದ್ದದ್ದರಿಂದ ಇವತ್ತು ಕಣ್ಣಿಗೆ ಬಿತ್ತು. ಹ್ಯಾಂಡಲ್ಲಿನ ಬುಡದಲ್ಲಿ ಅವನು ಈ ಸಲ ವೈರನ್ನು ಬಳೆಯಂತೆ ಒಂದು ಸುತ್ತು ಸಡಿಲ ಬಿಟ್ಟಿದ್ದ. ಹ್ಯಾಂಡಲ್ ತಿರುಚಿದಂತೆ ಆ ಸುತ್ತು ನೀಳವಾಗುತ್ತ ಬಂತು... ಬಿಗಿಯಾಯಿತು... ಇನ್ನೇನು ಕಿತ್ತೀತು ಎನ್ನುವಷ್ಟರಲ್ಲಿ ನಿಂತಿತು.

ಸುತ್ತು ಇಲ್ಲದಿದ್ದರೆ?

ದಿನಾ ಹ್ಯಾಂಡಲ್ ತಿರುಚಿ ವೈರನ್ನು ಕಿತ್ತವಳು ಅವಳೇ! ಅವನಿಗೆ ಅವತ್ತೇ ಗೊತ್ತಾಗಿತ್ತು. "ತಪ್ಪು ನಿಮ್ಮದು" ಎಂದು ಒಂದು ಮಾತು ಆಡಬಹುದಿತ್ತಲ್ಲ! ಸುತ್ತು ಬಿಟ್ಟು, ಬಾಯಿ ಮುಚ್ಚಿಕೊಂಡು ಕಳಿಸಿದ್ದ.

"ಬಂದ್ಯೇನೇ?" ಒಳಗಿನಿಂದ ಚಿಕ್ಕಮ್ಮನ ದನಿ. "ಆ ಸೈಕಲ್ ಅಂಗಡಿ ಯಜಮಾನ ಬಾಮೈದನ ಪ್ರಯಾಣಕ್ಕೆ ವಾಂತಿ ಮಾತ್ರೆ ತಗೊಂಡು ಹೋದ. ಹುಡುಗ ಊರೇ ಬಿಡ್ತಾನಂತೆ, ನಾಳೆ ಬೆಳಿಗ್ಗೆ ಬಸ್ಸಂತೆ. ಬೇರೆ ಊರಲ್ಲಿ ಅಂಗಡಿ ಹಾಕ್ತಾನಂತೆ. ಅಲ್ಲೇ ಯಾಕೆ ನಿಂತೆ?"

ಅವಳು ನಿಲ್ಲಲಿಲ್ಲ. ಬಗ್ಗಿ, ಕೂದಲ ಪಿನ್ನಿನಿಂದಲೇ ಲೈಟಿನ ಸ್ಕ್ರೂ ಸಡಿಲಿಸಿ, ವೈರನ್ನು ಬಿಚ್ಚಿ, ಸೈಕಲ್ಲನ್ನು ತಳ್ಳಿಕೊಂಡು ಓಡಿದಳು.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಒಂದು ಬ್ಯಾಗು ಕಟ್ಟಿ ಇಟ್ಟಿತ್ತು. ಅದನ್ನು ನೋಡಿದ್ದೇ ಅವಳು ಸೈಕಲ್ಲನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದಳು.

"ಲೈಟು... ಕೆಟ್ಟಿದೆ."

ಅವನು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ವೈರಿನ ತುದಿ ಹಿಡಿದು ನೋಡಿದ.

"ಇದು ಕಿತ್ತಿದ್ದಲ್ಲ. ಯಾರೋ ಬಿಚ್ಚಿದ್ದಾರೆ."

"ಯಾರೋ ಅಲ್ಲ. ನಾನೇ!" ಅಳು ಉಕ್ಕಿತು. "ನಿಮ್ಮನ್ನ ನೋಡೋಕೆ ನೆಪ ಬೇಕಿತ್ತು, ಅದಕ್ಕೇ ಕೆಡಿಸ್ಕೊಂಡು ಬಂದೆ. ನಿಮ್ಮ ಮೇಲೆ ಏನಂತ ಹೊರಿಸಿದ್ನೋ ಅದನ್ನ ನಾನೇ ಮಾಡ್ದೆ. ಮೊದಲೆಲ್ಲ ವೈರು ಕಿತ್ತಿದ್ದೂ ನಾನೇ ಅಂತ ಈಗ ಗೊತ್ತಾಯ್ತು. ಯಾಕೆ ಹೇಳ್ಲಿಲ್ಲ ನೀವು? ಯಾಕ್ರೀ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ?" ಅವನು ವೈರಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ನೀವು ಹೇಳಿದ್ದು ಪೂರ್ತಿ ಸುಳ್ಳಲ್ಲ. ಒಂದು ಸಲ ಮನಸ್ಸು ಬಂದಿತ್ತು. ಸ್ಕ್ರೂ ಸಡಿಲ ಬಿಟ್ರೆ ನಾಳೆನೂ ಬರ್ತಾರಲ್ಲ ಅಂತ. ಕತ್ತಲೆಯಲ್ಲಿ ಮತ್ತೆ ಬೀಳ್ತೀರಿ ಅನ್ನಿಸ್ತು... ಕೈ ಬರಲಿಲ್ಲ."

ಅವಳು ಅಳುತ್ತಲೇ ನಕ್ಕಳು.

"ಹೋಗಬೇಡಿ. ನೀವಂದ್ರೆ ನನಗಿಷ್ಟ. ಇನ್ನು ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ."

ಹಿಂದಿನಿಂದ ಭಾವ ಕೆಮ್ಮಿದ. "ಬ್ಯಾಗು ಬಿಚ್ಚಲೇನಪ್ಪಾ? ಹೂಂ ಅನ್ನು. ನಿನಗೆ ಬರೋ ಮಾತು ಅದೊಂದೇ!"

"ಹೂಂ" ಎಂದ ಅವನು.

ವೈರನ್ನು ಸಿಕ್ಕಿಸಿ, ಹಿಂದಿನ ಚಕ್ರವನ್ನು ಎತ್ತಿ ಪೆಡಲ್ ತಿರುಗಿಸಿದ. ಗುಂಯ್... ಬುಟ್ಟಿಯ ಕೆಳಗಿನಿಂದ ಬೆಳಕು ರಸ್ತೆಯ ತುಂಬ ಹರಿಯಿತು.

"ಈಗ ಗಟ್ಟಿಯಾಗಿದೆ. ನಾಳೆ ಕೆಡಲ್ಲ" ಎಂದ ಅವನು ಮೆಲ್ಲಗೆ.

"ಕೆಡದಿದ್ರೂ ಬರ್ತೀನಿ."