ಛಾವಣಿಯ ಮೇಲಿನ ಕಣ್ಣು

"ಮುಂದಿನ ವರ್ಷ ಅಂಕಲ್ ಲೋವೆಲ್ ಛಾವಣಿ ಮೇಲೆ ಇರಲ್ಲ. ಸರಿನಾ? ಇನ್ನು ಆ ಮಾತು ಸಾಕು ಡ್ವೇನ್."

ತಂಡದ ಲಾರಿಯ ಅರೆತೆರೆದ ಬಾಗಿಲಾಚೆ ಕ್ಯಾಸ್ ಪ್ರೂಯಿಟ್ ಹೀಗೆನ್ನುವಾಗ ಲೋವೆಲ್ ಟ್ಯಾಕೆಟ್ ಅವಳಿಗೆಂದೇ ಸಿಹಿ ಚಹಾದ ಲೋಟ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದ. ಲೋಟದೊಳಗಿನ ಮಂಜುಗಡ್ಡೆ ಕಿಣಿಕಿಣಿ ಎಂದಿತು. ತಂಡದ ಯಜಮಾನ ಡ್ವೇನ್ ಶಿಫ್ಲೆಟ್, "ಅವನ ಕಣ್ಣು ಹೋಗಿದೆ ಕಣಮ್ಮಾ, ಹೋದ ವರ್ಷವೇ ನೋಡಿದ್ವಲ್ಲ" ಎಂದು ಗೊಣಗಿದ. ಲೋವೆಲ್ ಸದ್ದಾಗದಂತೆ ಹಿಂದೆ ಸರಿದು, ಚಹಾವನ್ನು ಟೈರುಗಳ ರಾಶಿಯ ಪಕ್ಕದ ಹುಲ್ಲಿಗೆ ಸುರಿದ. ಸುರಿಯುವಾಗ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ. ಏನೂ ತಪ್ಪು ಮಾಡದೆಯೇ ಕಳ್ಳನ ಹಾಗೆ ನೋಡಿದ್ದು ಅದೇ ಮೊದಲು.

ಓಟದ ಪಂದ್ಯದಲ್ಲಿ ಪಿಕಪ್ ಟ್ರಕ್ಕು ಓಡಿಸುವ ಕ್ಯಾಸ್‌ನಂಥವರು ಕತ್ತು ತಿರುಗಿಸುವ ಹಾಗಿಲ್ಲ. ಮೈಯನ್ನು ಪಟ್ಟಿಗಳಿಂದ ಬಿಗಿದು, ತಲೆಗೆ ಎರಡೂ ಕಡೆ ಅಡ್ಡ ಕೊಟ್ಟಿರುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ಹೇಳುವವನು ಪ್ರೇಕ್ಷಕರ ಗ್ಯಾಲರಿಯ ಛಾವಣಿಯ ಮೇಲೆ ರೇಡಿಯೋ ಹಿಡಿದು ನಿಂತ ಸ್ಪಾಟರ್. ಅವನು "ಒಳಗಿದ್ದಾನೆ" ಎಂದರೆ ಒಳಪಕ್ಕದಲ್ಲಿ ಇನ್ನೊಂದು ಟ್ರಕ್ಕಿದೆ. "ಕ್ಲಿಯರ್" ಎಂದರೆ ದಾರಿ ಖಾಲಿ, ದೇವರ ಮೇಲೆ ಭಾರ ಹಾಕಿ ಟ್ರಕ್ಕನ್ನು ಒಳಪಕ್ಕಕ್ಕೆ ಇಳಿಸಬಹುದು. ಹೊಗೆಸೊಪ್ಪಿನ ಕೊಟ್ಟಿಗೆಯ ಹಿಂದಿನ ಮಣ್ಣಿನ ಹಾದಿಯಲ್ಲಿ ಪುಟ್ಟ ಮೋಟಾರು ಬಂಡಿ ಓಡಿಸುತ್ತಿದ್ದ ದಿನದಿಂದ ಕ್ಯಾಸ್‌ಗೆ ಆ ಕಣ್ಣು ಲೋವೆಲ್‌ನದೇ. ಅವಳಪ್ಪ ತೀರಿಹೋದ ಮೇಲಂತೂ ಅಜ್ಜಿ ಓಪಲ್ ಬಿಟ್ಟರೆ ಅವಳಿಗೆ ಇದ್ದವನು ಇವನೊಬ್ಬನೇ.

ಡ್ವೇನ್ ಹೇಳಿದ್ದು ಸುಳ್ಳಲ್ಲ. ಹೋದ ವರ್ಷ ಲೋವೆಲ್‌ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೂರದ ತಿರುವಿನಲ್ಲಿ ಟ್ರಕ್ಕುಗಳು ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿದ್ದವು. ಒಂದು ಸಲ ತಡವಾಗಿ ಕೂಗಿ ಅವಳ ಟ್ರಕ್ಕಿನ ಮೂಲೆ ನಜ್ಜಾಗಿತ್ತು. ಚಳಿಗಾಲದಲ್ಲಿ ಅವನು ಟೆನೆಸಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ, ಅಲ್ಲಿಯೇ ಪೊರೆ ತೆಗೆಸಿಕೊಂಡು ಬಂದ. ಈಗ ಛಾವಣಿಯಿಂದ ನೋಡಿದರೆ ಚಾಲಕರ ಕೈಗವಸಿನ ಹೊಲಿಗೆ ಕಾಣುತ್ತಿತ್ತು. ಆದರೆ ಯಾರಿಗೂ ಹೇಳಲಿಲ್ಲ. ಹೇಳಿದರೆ, ಒಂದಿಡೀ ವರ್ಷ ಅರೆಗುರುಡನಾಗಿ ಅವಳ ಜೀವವನ್ನು ನಾಲಿಗೆಯ ಮೇಲಿಟ್ಟುಕೊಂಡು ನಿಂತಿದ್ದೆ ಎಂದೂ ಒಪ್ಪಿಕೊಳ್ಳಬೇಕಿತ್ತು. ಆ ನಾಚಿಕೆಯನ್ನು ನುಂಗಿ ನುಂಗಿ ಅದು ಹೊಟ್ಟೆಯಲ್ಲಿ ಹುಳಿಯಾಯಿತು. ಹುಳಿಯಾದದ್ದಕ್ಕೆ ಅವನು ಸಿಟ್ಟು ಎಂದು ಹೆಸರಿಟ್ಟ.

ಕುರುಡ ಅಂದಿರಲ್ಲ, ಕುರುಡನೇ ಆಗುತ್ತೇನೆ.

ಉಪಾಯ ಎಷ್ಟು ಸರಳವಾಗಿತ್ತೆಂದರೆ ಅವನಿಗೇ ಅದರ ಮೇಲೆ ಪ್ರೀತಿ ಬಂತು. ಬೇಸಿಗೆಯಿಂದ ಕೊನೆಯ ಪಂದ್ಯದವರೆಗೆ ಅವನ ಕಣ್ಣು ಸ್ವಲ್ಪ ಸ್ವಲ್ಪವೇ ಮಂಕಾಗುತ್ತಾ ಹೋಗಬೇಕು. ಚಾಂಪಿಯನ್ ಪಟ್ಟ ನಿರ್ಧಾರವಾಗುವ ಆ ಪಂದ್ಯದಲ್ಲಿ ಒಂದೇ ಒಂದು "ಕ್ಲಿಯರ್" ತಪ್ಪಬೇಕು. ಟ್ರಕ್ಕು ಗಿರಕಿ ಹೊಡೆಯುತ್ತದೆ, ಪಟ್ಟ ಹೋಗುತ್ತದೆ, ಅಷ್ಟೇ. ಆಗ ಊರೆಲ್ಲ ಏನನ್ನುತ್ತದೆ? ಲೋವೆಲ್ ಪಾಪ ಮುದುಕ, ಕಣ್ಣು ಕಾಣದು ಅಂತ ಗೊತ್ತಿದ್ದೂ ಮೇಲೆ ನಿಲ್ಲಿಸಿದರಲ್ಲ, ಇವರಿಗೆ ಬುದ್ಧಿ ಬೇಡವೇ ಅನ್ನುತ್ತದೆ. ತಪ್ಪು ಪೂರಾ ಅವರ ತಲೆಗೆ. ಮುರಿದ ಬೋಲ್ಟಿಲ್ಲ, ಕೊಯ್ದ ಕೊಳವೆಯಿಲ್ಲ, ಬೆರಳ ಗುರುತಿಲ್ಲ. ಬಾಯಿಂದ ಹೊರಟು ಗಾಳಿಯಲ್ಲಿ ಕರಗುವ ಒಂದು ಮಾತು.

ಅಂದಿನಿಂದ ಅವನು ಹೋಟೆಲಿನಲ್ಲಿ ತಿಂಡಿಯ ಪಟ್ಟಿಯನ್ನು ತೋಳುದ್ದ ದೂರ ಹಿಡಿದು ಓದಿದ. ಬೇರೆ ತಂಡದ ಲಾರಿಯ ಬಾಗಿಲು ತಟ್ಟಿ, "ಅಯ್ಯೋ, ನಮ್ಮದು ಅಂದ್ಕೊಂಡೆ" ಎಂದು ನಕ್ಕ. ಪ್ರತಿ ಪಂದ್ಯದಲ್ಲೂ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದ, ಇನ್ನೊಂದು ತಂಡದ ಸ್ಪಾಟರ್ ಬಾಯ್ಡ್‌ನನ್ನು, "ಆ ಗೋಡೆ ಹತ್ರ ಇರೋದು ಕೆಂಪೋ ಕಿತ್ತಳೆಯೋ?" ಎಂದು ಕೇಳಿದ.

"ಅದು ಆಂಬ್ಯುಲೆನ್ಸು ಕಣೋ," ಬಾಯ್ಡ್ ಅಂದ. "ನಿನ್ನ ಹೆಂಡತಿ ನಿನ್ನ ಬಿಟ್ಟು ಹೋದ್ಲೋ, ಇಲ್ಲ ಮನೇಲಿದ್ರೂ ನಿಂಗೆ ಕಾಣ್ತಿಲ್ವೋ?"

"ಅಡುಗೆ ವಾಸನೆ ಬರ್ತಿಲ್ಲ. ಹೋಗಿರ್ಬೇಕು."

ಬಾಯ್ಡ್ ನಕ್ಕ, ಆಮೇಲೆ ನಗು ನಿಲ್ಲಿಸಿ ಅವನ ತೋಳು ಹಿಡಿದು ಮೆಟ್ಟಿಲು ಇಳಿಸಿದ. ಆ ಮೆತ್ತನೆಯ ಹಿಡಿತಕ್ಕೆ ಲೋವೆಲ್‌ಗೆ ತೋಳು ಸುಟ್ಟಂತಾಯಿತು. ಮೆಟ್ಟಿಲಿನ ಅಂಚಿಗೆ ಅಂಟಿದ್ದ ಇರುವೆಯೂ ಅವನಿಗೆ ಕಾಣುತ್ತಿತ್ತು.

ನಟನೆಗೆ ಉಪ್ಪು ಹೆಚ್ಚಾಗಬಾರದು, ಸಪ್ಪೆಯೂ ಆಗಬಾರದು. ಸಣ್ಣ ಪಂದ್ಯಗಳಲ್ಲಿ ಆಗೊಮ್ಮೆ ಈಗೊಮ್ಮೆ ಅರೆಕ್ಷಣ ತಡವಾಗಿ ಕೂಗಿದ, ಮುಖ್ಯವಾದ ಪಂದ್ಯಗಳಲ್ಲಿ ತಪ್ಪಲಿಲ್ಲ. ಅವಳು ಕೊನೆಯವರೆಗೆ ಗೆಲ್ಲುತ್ತಾ ಬರಬೇಕಲ್ಲ, ಎತ್ತರಕ್ಕೆ ಹತ್ತಿದರೆ ತಾನೇ ಬೀಳುವುದು. ದುರ್ಬೀನು ಹಿಡಿಯುವುದನ್ನೇ ಬಿಟ್ಟ. "ಅದ್ರಲ್ಲೂ ಮಂಜೇ" ಎಂದು ಕೈಯಾಡಿಸಿದ. ರೇಡಿಯೋದ ವಿಷಯವನ್ನೂ ಯೋಚಿಸಿದ್ದ. ತಂಡದ ಮಾತೆಲ್ಲ ಧ್ವನಿಮುದ್ರಣವಾಗುತ್ತದೆ. ಗ್ಯಾಲರಿಯಲ್ಲಿ ಅರ್ಧ ಜನ ಕಿವಿಗೆ ಹೆಡ್‌ಫೋನು ಹಾಕಿಕೊಂಡು ತಮಗೆ ಬೇಕಾದ ತಂಡದ ಮಾತು ಕೇಳುತ್ತಾ ಕೂರುತ್ತಾರೆ, ಇಲ್ಲಿನ ಪದ್ಧತಿಯೇ ಅದು. ಒಳ್ಳೆಯದೇ ಆಯಿತು. ದನಿ ಸ್ವಲ್ಪ ನಡುಗಿಸಿದರೆ ಅಷ್ಟೂ ಕಿವಿಗಳು ಅವನ ಸಾಕ್ಷಿ.

ಕ್ಯಾಸ್ ಒಮ್ಮೆ ಮಾತ್ರ ಕೇಳಿದಳು, "ಅಂಕಲ್, ನನ್ನ ಹತ್ರ ಏನಾದ್ರೂ ಹೇಳೋದಿದೆಯಾ?"

"ಏನಿರತ್ತೆ? ಕೆಳಗಿನ ತಿರುವಲ್ಲಿ ಬ್ರೇಕು ಬೇಗ ಹಾಕ್ತಿದೀಯ, ಅಷ್ಟೇ."

ಅವಳು ತಲೆಯಾಡಿಸಿ ಹೋದಳು. ಹೇಳಿಬಿಡುವುದಕ್ಕೆ ಅದಕ್ಕಿಂತ ಸುಲಭದ ಗಳಿಗೆ ಮತ್ತೆ ಬರಲಿಲ್ಲ.

ಕೊನೆಯ ಪಂದ್ಯ ವರ್ಜೀನಿಯಾದ ಕಾರ್ಟರ್ಸ್ ಹಾಲೋದಲ್ಲಿ. ಅರ್ಧ ಮೈಲಿಯ ಪುಟ್ಟ ಸುತ್ತು, ತಿರುವುಗಳಲ್ಲಿ ವೇಗ ಕಡಿಮೆ. ಯಾರಿಗೂ ಹೆಚ್ಚು ಪೆಟ್ಟಾಗುವ ಜಾಗವಲ್ಲ. ಆ ಲೆಕ್ಕವನ್ನು ಹಾಕಿಯೇ ಅವನು ಒಳ್ಳೆಯವನಂತೆ ನಿದ್ದೆ ಮಾಡಿದ್ದ. ಮಧ್ಯಾಹ್ನ ಟ್ರಕ್ಕುಗಳ ಪಕ್ಕ ಪಾದ್ರಿಯ ಪ್ರಾರ್ಥನೆಯಾಗುವಾಗ ಓಪಲ್ ಅಜ್ಜಿ ಅವನ ಕೈಗೆ ಕಾಗದದಲ್ಲಿ ಸುತ್ತಿದ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್ ತುರುಕಿದಳು. ಅವಳ ಕೊರಳಲ್ಲಿ ಹೆಡ್‌ಫೋನು, ದುರ್ಬೀನು ಎರಡೂ ತೂಗಾಡುತ್ತಿದ್ದವು.

"ನಾನು ನಿನ್ನ ಕೆಳಗೇ ಕೂತಿರ್ತೀನಿ ಲೋವೆಲ್. ಟ್ರಕ್ಕಿನ ಸದ್ದಲ್ಲಿ ನಂಗೆ ಏನೂ ತಿಳಿಯಲ್ಲ. ನಿನ್ನ ಮಾತು ಕೇಳ್ತಾ, ನೀನು ಹೇಳಿದ ಕಡೆ ನೋಡ್ತಾ ಇರ್ತೀನಿ. ಅದೇ ನನ್ನ ಪಂದ್ಯ."

"ಆಗ್ಲಿ ಮಿಸ್ ಓಪಲ್," ಎಂದ. ಸ್ಯಾಂಡ್‌ವಿಚ್ಚನ್ನು ಬಿಚ್ಚದೆಯೇ ಜೇಬಿಗೆ ಹಾಕಿಕೊಂಡ.

ಪಂದ್ಯ ಶುರುವಾದ ಮೇಲೆ ಅವನ ಬಾಯಿ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು. ಕೈಯ ಕೆಲಸ ಕೈಗೆ ಗೊತ್ತಿರುವಂತೆ ಈ ಕೆಲಸ ನಾಲಿಗೆಗೆ ಗೊತ್ತು. "ಹೊರಗಿದ್ದಾನೆ. ಬಾಗಿಲ ಹತ್ರ. ಬಾಲದ ಹತ್ರ. ಕ್ಲಿಯರ್. ಉಸಿರು ಬಿಡು ಮಗಳೇ, ಟೈರು ಕಾಪಾಡ್ಕೋ. ಎರಡನೇ ತಿರುವು ದಾಟಿದ್ಮೇಲೆ ಗೋಡೆ ಕಡೆ ಹೋಗ್ಬೇಡ, ಯಾರದೋ ಬ್ರೇಕಿನ ಚೂರು ಬಿದ್ದಿದೆ, ಹೆಬ್ಬೆರಳಷ್ಟು, ಕೆಳಗಿಂದ ಬಾ. ಹಾಗೇ. ನೀಲಿ ಬರ್ತಿದ್ದಾನೆ ನೋಡು, ಒಳಗೆ ಮೂತಿ ತೂರಿಸ್ತಾನೆ." ಅವಳು ಎರಡು ಸಲ ರೇಡಿಯೋ ಗುಂಡಿ ಒತ್ತಿ ಟಿಕ್ ಟಿಕ್ ಎನ್ನಿಸಿದಳು. ಗೊತ್ತಾಯಿತು ಎನ್ನುವುದಕ್ಕೆ ಮಗುವಾಗಿದ್ದಾಗ ಇವನೇ ಕಲಿಸಿದ ಗುರುತು.

ನೀಲಿ ಟ್ರಕ್ಕು ಅವಳ ಪಟ್ಟಕ್ಕೆ ಇದ್ದ ಒಬ್ಬನೇ ಎದುರಾಳಿಯದು. ಕೆಳಗಿನ ತಿರುವಿನಲ್ಲಿ ಅದರ ಮೂತಿ ಅವಳ ಟ್ರಕ್ಕಿನ ಹಿಂದಿನ ಗಾಲಿಯ ಪಕ್ಕಕ್ಕೆ ಬಂತು. ಲೋವೆಲ್‌ಗೆ ಎರಡರ ನಡುವಿನ ಗೇಣು ಜಾಗ ಕನ್ನಡಿಯಲ್ಲಿ ಕಂಡಷ್ಟು ಚೊಕ್ಕಟವಾಗಿ ಕಂಡಿತು. ಅವನು ಗುಂಡಿ ಒತ್ತಿದ. ದನಿ ನಡುಗಿಸಬೇಕೆಂದುಕೊಂಡಿದ್ದ. ಅದು ತಾನಾಗಿಯೇ ನಡುಗಿತು.

"ಕ್ಲಿಯರ್... ಕ್ಲಿಯರ್ ಕಾಣುತ್ತೆ."

ಅವಳು ಒಳಪಕ್ಕಕ್ಕೆ ಇಳಿದಳು. ಒಂದು ಚೂರೂ ಅನುಮಾನಿಸದೆ ಇಳಿದಳು. ನೀಲಿಯ ಮೂತಿ ತಾಗಿ ಟ್ರಕ್ಕು ಗಿರಕಿ ಹೊಡೆದು, ಅವನು ಲೆಕ್ಕ ಹಾಕಿದ ಹುಲ್ಲಿನ ಕಡೆಗಲ್ಲ, ಗೋಡೆಗೆ ಹೋಗಿ ಬಡಿಯಿತು. ಎಲ್ಲರೂ ನಿಧಾನಿಸಲೆಂದು ಹಳದಿ ಬಾವುಟ ಹಾರಿತು. ರೇಡಿಯೋದಲ್ಲಿ ಅವಳ ಉಸಿರಾಟ ಕೇಳಿಸಿತು. ಆಮೇಲೆ ಅವಳ ದನಿ ಬಂತು. ಬೈಗುಳವಿರಲಿಲ್ಲ, ಬರಿಯ ಅಚ್ಚರಿ.

"ಕ್ಲಿಯರ್ ಅಂದ್ರಲ್ಲ, ಅಂಕಲ್?"

ಕ್ಷಮಿಸು ಮಗಳೇ, ಕಾಣಲಿಲ್ಲ ಎಂಬ ಮಾತನ್ನು ಬೇಸಿಗೆಯಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಅದನ್ನೇ ಹೇಳಿದ. ಪಕ್ಕದಲ್ಲಿ ಬಾಯ್ಡ್ ಹೆಡ್‌ಫೋನು ತೆಗೆದು ತಲೆ ತಗ್ಗಿಸಿದ.

ಮೈದಾನದ ಆರೈಕೆ ಕೋಣೆಯಲ್ಲಿ ಕ್ಯಾಸ್ ಹಾಸಿಗೆಯ ಅಂಚಿಗೆ ಕೂತಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು, ಭುಜದವರೆಗೆ ಪಟ್ಟಿ. ಹೊರಗೆ ನೀಲಿ ತಂಡದವರ ಕೇಕೆ. ಗೋಡೆಗೊರಗಿದ್ದ ಡ್ವೇನ್ ಪಕ್ಕದಲ್ಲಿ ಪಂದ್ಯಸರಣಿ ನಡೆಸುವವರ ಅಧಿಕಾರಿಯೊಬ್ಬ ವಿಚಾರಿಸಲು ಬಂದು ನಿಂತಿದ್ದ. ಲೋವೆಲ್ ಬಾಗಿಲಿನ ಚೌಕಟ್ಟನ್ನು ತಡವುತ್ತಾ ಒಳಗೆ ಬಂದ. ತಡವಬೇಕಾಗಿರಲಿಲ್ಲ, ಆದರೂ ತಡವಿದ.

"ತಪ್ಪು ನಂದು," ಡ್ವೇನ್ ಅಧಿಕಾರಿಗೆ ಹೇಳುತ್ತಿದ್ದ. "ಇವನ ಕಣ್ಣು ಮಂಜು ಅಂತ ತಂಡಕ್ಕೆಲ್ಲ ಗೊತ್ತಿತ್ತು. ವಸಂತದಲ್ಲೇ ಕೆಳಗಿಳಿಸ್ಬೇಕು ಅಂದಿದ್ದೆ."

"ನಾನೇ ಬೇಡ ಅಂದಿದ್ದು," ಎಂದಳು ಕ್ಯಾಸ್. ಅವಳು ನೋಡಿದ್ದು ಲೋವೆಲ್‌ನನ್ನು. "ಪ್ರತಿ ವಾರ ಈ ಡ್ವೇನ್ ಜೊತೆ ಜಗಳ ಆಡಿದೀನಿ ಅಂಕಲ್. ಮುಂದಿನ ವರ್ಷ ಏನಾದ್ರೂ ಮಾಡ್ಕೋ, ಈ ವರ್ಷ ಪಟ್ಟ ಬಂದ್ರೂ ಹೋದ್ರೂ ನನ್ನ ಅಂಕಲ್ ಮೇಲೇ ಇರ್ಬೇಕು ಅಂದೆ. ನೀವೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ. ಕೇಳೋಕೆ ನಂಗೆ ಬಾಯಿ ಬರ್ಲಿಲ್ಲ. ನಿಮ್ಮ ಕಣ್ಣು ಕಾಣ್ದೇ ಹೋದ್ರೆ ಅದು ನಿಮ್ಮ ತಪ್ಪಾ?"

ಲಾರಿಯ ಬಾಗಿಲಿನಾಚೆ ಕೇಳಿದ್ದ ಆ ಮಾತಿನ ಮೊದಲರ್ಧ ಈಗ ಸಿಕ್ಕಿತು. ಲೋವೆಲ್ ಕುರ್ಚಿ ಹುಡುಕುವವನಂತೆ ಕೈಚಾಚಿ ಕೂತ. ಡ್ವೇನ್ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಅಧಿಕಾರಿ, "ಆಯ್ತು, ಇದು ಆಕಸ್ಮಿಕ, ಬಿಡಿ" ಎಂದು ಹೊರಡಲು ತಿರುಗಿದ. ಎಲ್ಲವೂ ಅಂದುಕೊಂಡಂತೆಯೇ ಆಗಿತ್ತು. ತಲೆ ಎತ್ತಲು ಮಾತ್ರ ಆಗಲಿಲ್ಲ.

ಆಗ, ಬಾಗಿಲಾಚೆ ಮಾತು ಕೇಳಿಸಿಕೊಂಡ ಓಪಲ್ ಅಜ್ಜಿ ಒಳಗೆ ಬಂದಳು. ಮೊಮ್ಮಗಳ ಹಣೆಗೆ ಮುತ್ತಿಟ್ಟು, ಲೋವೆಲ್‌ನ ಬಾಡಿದ ಮುಖ ನೋಡಿ ಡ್ವೇನ್ ಮೇಲೆ ಹರಿಹಾಯ್ದಳು. "ಯಾರು ಇವನ್ನ ಕುರುಡ ಅಂದಿದ್ದು? ಡ್ವೇನ್, ನಿನ್ನ ಬಾಯಿಗೆ ಸೋಪು ಹಾಕಿ ತೊಳೀಬೇಕು. ಒಂದು ಸಲ ತಪ್ಪೋದು ಯಾರಿಗಿಲ್ಲ? ಈ ಮಗು ಗಿರಕಿ ಹೊಡೆಯೋಕೆ ಸ್ವಲ್ಪ ಮುಂಚೆ ಇವನು ಬ್ರೇಕಿನ ಚೂರಿದೆ, ಹೆಬ್ಬೆರಳಷ್ಟು ಅಂದ. ನಾನು ದುರ್ಬೀನು ಹಾಕಿ ಹುಡುಕಿದೆ, ಹುಡುಕಿದೆ, ಕಾಣ್ಲಿಲ್ಲ. ಆಮೇಲೆ ಹಳದಿ ಬಾವುಟ ಬಂದಾಗ ಕೆಲಸದವನು ಹೋಗಿ, ಇವನು ಹೇಳಿದ ಜಾಗದಲ್ಲೇ ಬಗ್ಗಿ ಎತ್ಕೊಂಡ. ಮೈದಾನದ ಆಚೆ ತುದಿ, ಬರಿಗಣ್ಣಲ್ಲಿ! ಗಿಡುಗನ ಕಣ್ಣು ಇವನದು." ಹೊರಟಿದ್ದ ಅಧಿಕಾರಿ ಬಾಗಿಲ ಬಳಿ ನಿಂತ. ಭುಜದ ಮೇಲಿನ ಡ್ವೇನ್‌ನ ಕೈ ನಿಧಾನಕ್ಕೆ ಹಗುರಾಯಿತು, ಆಮೇಲೆ ಇಲ್ಲವಾಯಿತು. ಆ ಚೂರಿನ ಬಗ್ಗೆ ಸುಮ್ಮನಿದ್ದಿದ್ದರೆ ಸಾಕಿತ್ತು, ಟೈರು ಹರಿದು ಅವಳು ತಾನಾಗಿಯೇ ಸೋಲುತ್ತಿದ್ದಳು, ಅವನು ಸುಳ್ಳಾಡುವ ಅಗತ್ಯವೇ ಇರಲಿಲ್ಲ. ಅದು ಅವನಿಗೆ ಹೊಳೆದಿರಲೇ ಇಲ್ಲ. ಅವಳಿಗೇನೂ ಆಗಬಾರದೆಂದು ನಾಲಿಗೆ ತನ್ನಷ್ಟಕ್ಕೆ ಆಡಿಬಿಟ್ಟಿತ್ತು. ಅವನು ತಲೆ ಎತ್ತಿದ. ಕ್ಯಾಸ್ ಇನ್ನೂ ಅವನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಒಂದೊಂದೇ ವಿಷಯ ಅದರದರ ಜಾಗಕ್ಕೆ ಬಂದು ಕೂರುವುದು ಲೋವೆಲ್‌ಗೆ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.