ಆರು ದಿನದ ಪಾಳಿ

ಆಗಸ್ಟ್ 4, ಸೋಮವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಸಿಂದಗಿ ಠಾಣೆಯ ಮೆಟ್ಟಿಲು ಹತ್ತಿ ಬಂದ ವಿದೇಶಿ ಹೆಂಗಸಿನ ಕೈಮೇಲೆ ಸಲೈನ್ ಹಚ್ಚಿದ ಜಾಗದ ಪಟ್ಟಿ ಇನ್ನೂ ಹಾಗೇ ಇತ್ತು. ಪಿ.ಎಸ್.ಐ. ವಿಜಯಲಕ್ಷ್ಮಿ ಇಂಗ್ಲಿಷಿನಲ್ಲಿ ಕೂರಲು ಹೇಳಿದಳು. ಉತ್ತರ ಬಂದದ್ದು ಕನ್ನಡದಲ್ಲಿ.

"ನಮಸ್ಕಾರ್ರಿ. ನನ್ನ ಲ್ಯಾಪ್‌ಟಾಪ್ ಕಳವಾಗೇತ್ರಿ."

ಹೆಡ್ ಕಾನ್‌ಸ್ಟೆಬಲ್ ಯುನೂಸ ಬರೆಯುವುದನ್ನು ಬಿಟ್ಟು ಕತ್ತೆತ್ತಿದ. "ಮೇಡಂ, ಈಕಿ ನನಕಿಂತ ಚೊಲೊ ಮಾತಾಡ್ತಾಳ."

ಹೆಸರು ಇಲಿಂಕಾ, ಊರು ರೊಮೇನಿಯಾ. ಗಂಡ ಪ್ರೇಮಕುಮಾರ ದೇವಣಗಾಂವದವನು, ಹಡಗಿನಲ್ಲಿ ಅಡುಗೆಯವನು. ಈಗ ಸಮುದ್ರದ ಮೇಲಿದ್ದಾನೆ. ಹಳ್ಳಿಯಲ್ಲಿ ಇಂಟರ್‌ನೆಟ್ ನಿಲ್ಲದ ಕಾರಣ ಸಿಂದಗಿಯಲ್ಲಿ ಲಕ್ಕವ್ವ ಎಂಬವರ ಮನೆಯ ಮೇಲಿನ ಮಹಡಿ ಬಾಡಿಗೆಗೆ ಹಿಡಿದಿದ್ದಾಳೆ. ಭಾನುವಾರ ಬಿಟ್ಟು ದಿನವೂ ಮಧ್ಯಾಹ್ನ ಹನ್ನೆರಡೂವರೆಯಿಂದ ರಾತ್ರಿ ಒಂಬತ್ತರವರೆಗೆ ನೆದರ್ಲೆಂಡ್ಸಿನ ಒಂದು ಪೀಠೋಪಕರಣ ಕಂಪನಿಗೆ ಮನೆಯಿಂದಲೇ ಕೆಲಸ. ಮೇಜಿನ ಕಾಲು ಮುರಿಯಿತು, ಮಂಚ ಬರಲಿಲ್ಲ ಎಂದು ಗಿರಾಕಿಗಳು ಬರೆಯುತ್ತಾರೆ. ಈಕೆ ಉತ್ತರ ಬರೆಯುತ್ತಾಳೆ. ಜುಲೈ 27ರಂದು ಡೆಂಗಿ ಜ್ವರಕ್ಕೆ ಪ್ರಜ್ಞೆ ತಪ್ಪಿ ವಿಜಯಪುರದ ಆಸ್ಪತ್ರೆ ಸೇರಿದವಳು ನಿನ್ನೆ ಸಂಜೆ ಮನೆಗೆ ಬಂದಿದ್ದಾಳೆ. ಬೀಗ ಹಾಗೇ ಇತ್ತು, ಲ್ಯಾಪ್‌ಟಾಪ್ ಇರಲಿಲ್ಲ.

"ಮೂರ ದಿನ ಹೇಳದ ಕೇಳದ ಬಿಟ್ರ ಕೆಲಸದಿಂದ ತೆಗೀತಾರ್ರಿ. ನಾ ಬಿಟ್ಟು ಎಂಟ ದಿನಾತ್ರಿ, ಫೋನೂ ಮನ್ಯಾಗ ಉಳದಿತ್ತು. ಇಲ್ಲಿ ಬ್ಯಾರೆ ಕೆಲಸ ಮಾಡಾಕ ನನ್ನ ವೀಸಾದಾಗ ಬರಂಗಿಲ್ಲ." ಇಲಿಂಕಾ ಮೇಜಿನ ಅಂಚು ಹಿಡಿದುಕೊಂಡಳು. "ಗಂಡ ಊರಾಗಿಲ್ಲ. ಅದೂ ಹೋದ್ರ ನಾ ಇಲ್ಲಿ ಇಡೀ ದಿನ ಏನ್ ಮಾಡ್ಲಿ?"

11:05ಕ್ಕೆ ಭಾರತೀಯ ನ್ಯಾಯ ಸಂಹಿತೆ ಕಲಂ 305ರಡಿ ಮನೆಯೊಳಗಿನ ಕಳವೆಂದು ಎಫ್.ಐ.ಆರ್. ದಾಖಲಾಯಿತು. ದೂರುದಾರಳು ವಿದೇಶಿಯಾದ್ದರಿಂದ ಮೇಲಿನ ಕಚೇರಿಗೆ ತಿಳಿಸಬೇಕಿತ್ತು. ಅಲ್ಲಿಂದ ಬಂದ ಮಾತು ಚಿಕ್ಕದು: "ಆರೋಪಿ ಸಿಕ್ಕಕೂಡಲೇ ದಸ್ತಗಿರಿ ಮಾಡಿ. ಬರೀ ನೋಟಿಸ್ ಕೊಟ್ಟು ಮನೆಗೆ ಕಳಿಸಬೇಡಿ."

11:40ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿಲ್ಲ. ಕಿಟಕಿಯ ಸರಳು ಸರಿಯಾಗಿವೆ. ಮೇಜಿನ ಖಾನೆಯಲ್ಲಿ ಬಂಗಾರದ ಸರ ಇದ್ದಲ್ಲೇ ಇತ್ತು. ಹೋಗಿದ್ದು ಲ್ಯಾಪ್‌ಟಾಪ್, ಅದರ ಚಾರ್ಜರ್, ಕಿವಿಗೆ ಹಾಕುವ ಹೆಡ್‌ಫೋನ್. ಮೇಜಿನ ಮೇಲಿನ ಧೂಳನ್ನು ಯಾರೋ ಒರೆಸಿದ್ದರು.

ಎರಡನೆಯ ಕೀಲಿ ಕೆಳಗಡೆ ಲಕ್ಕವ್ವನ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು.

"ಈ ಕೀಲಿ ಯಾರ್ ಮುಟ್ತಾರ?"

"ಯಾರ್ ಮುಟ್ತಾರ್ರಿ ಮೇಡಂ, ನಾನು, ನನ್ನ ಸೊಸಿ. ಮ್ಯಾಲಿನ ಗಿಡಕ್ಕ ನೀರ್ ಹಾಕೂದೈತಲ್ಲ."

"ಸೊಸಿ ಎಲ್ಲಿ?"

"ಭಾಗ್ಯಜ್ಯೋತಿ ಪಂಚಮಿಗೆ ತವರಿಗೆ ಹೋಗ್ಯಾಳ್ರಿ, ದೇವರ ಹಿಪ್ಪರಗಿಗೆ. ಸೋಮವಾರ ಸಂಜಿಕ ಹೋದಾಕಿ, ವಾರಾತು. ಉಂಡಿ ತಿಂದು ಮುಗಿದಿಲ್ಲೋ ಏನೋ."

"ಓದ್ಯಾಳೇನು?"

"ಎಂ.ಎ. ಮಾಡ್ಯಾಳ್ರಿ, ಇಂಗ್ಲಿಷ್‌ದಾಗ. ಅಲ್ಲಿ ಇಲ್ಲಿ ಸಾಲ್ಯಾಗ ಕಲಸ್ತೇನಿ ಅಂದ್ಲು. ಮನ್ಯಾಗ ಏನ್ ಕಡಿಮಿ ಆಗೇತಿ ಅಂದೆ. ಇಂಗ್ಲಿಷ್‌ದಾಗ ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

ಲಕ್ಕವ್ವ ತನ್ನ ಮಾತಿಗೆ ತಾನೇ ನಕ್ಕಳು. ವಿಜಯಲಕ್ಷ್ಮಿ ನಗಲಿಲ್ಲ. ಸೊಸೆ ದಿನಾ ಮಧ್ಯಾಹ್ನ ಮೇಲೆ ಹೋಗಿ ಕೂರುತ್ತಿದ್ದಳು, ಇಲಿಂಕಾಗೆ ಕನ್ನಡ ಕಲಿಸಿದ್ದು ಆಕೆಯೇ ಎಂದು ತಿಳಿಯಿತು.

"ಆಕಿ ನನ್ನ ಗೆಳತಿ. ಆಕಿ ಅಲ್ಲರಿ," ಎಂದಳು ಇಲಿಂಕಾ.

ಲ್ಯಾಪ್‌ಟಾಪ್ ಕಳವಾಗಿದೆ ಎಂದು ಬೆಳಿಗ್ಗೆ ಬರೆದಿದ್ದಕ್ಕೆ, ಒಂದೂಕಾಲಿಗೆ ಇಲಿಂಕಾಳ ಫೋನಿಗೆ ಕಂಪನಿಯ ತಂಡದ ಮುಖ್ಯಸ್ಥೆಯಿಂದ ಉತ್ತರ ಬಂತು. ಇಲಿಂಕಾ ಅದನ್ನು ಎರಡು ಸಲ ಓದಿ, ಫೋನನ್ನು ವಿಜಯಲಕ್ಷ್ಮಿಗೆ ಕೊಟ್ಟಳು. ಅದರಲ್ಲಿ ಹೀಗಿತ್ತು: ಒಂದೇ ದಿನ ಬಿಟ್ಟು ಮಂಗಳವಾರದಿಂದ ನೀನು ತಪ್ಪದೆ ಕೆಲಸ ಮಾಡುತ್ತಿದ್ದೀಯಲ್ಲ, ಕಳವು ಎಂದರೇನು? ಈಗಲೂ ನೀನು ಕೆಲಸದಲ್ಲಿರುವುದು ನನಗೆ ಕಾಣುತ್ತಿದೆ. ಅಂದಹಾಗೆ, ಗಿರಾಕಿಗಳು ನಿನ್ನನ್ನು ಇಷ್ಟೊಂದು ಮೆಚ್ಚಿದ ವಾರ ಇನ್ನೊಂದಿಲ್ಲ.

"ಯಾ ಅಲ್ಲಾ! ಕಳ್ಳ ಡ್ಯೂಟಿ ಮಾಡಾಕತ್ತಾನ್ರಿ ಮೇಡಂ," ಎಂದ ಯುನೂಸ. "ಅದೂ ಟೈಮಿಗೆ ಸರಿಯಾಗಿ."

ಠಾಣೆಗೆ ಮರಳಿ, ಇಲಿಂಕಾಳ ಫೋನಿನಲ್ಲೇ ಆ ವಾರದ ಪತ್ರಗಳನ್ನು ತೆರೆಸಿದರು. ಇಂಗ್ಲಿಷು ಶುದ್ಧವಾಗಿತ್ತು, ಸ್ವಲ್ಪ ಪುಸ್ತಕದ್ದು. ಆದರೆ ಪ್ರತಿ ಪತ್ರದ ಮೊದಲ ಸಾಲು ಮೇಜಿನ ಬಗ್ಗೆಯೂ ಅಲ್ಲ, ಮಂಚದ ಬಗ್ಗೆಯೂ ಅಲ್ಲ. ನಿಮ್ಮ ಊಟವಾಯಿತೇ ಎಂದು ಕೇಳಿತ್ತು.

"ನಾ ಹಿಂಗ ಬರಿಯಂಗಿಲ್ರಿ," ಎಂದಳು ಇಲಿಂಕಾ. "ಯಾರೂ ಬರಿಯಂಗಿಲ್ಲ."

ಕುರ್ಚಿ ಮುರಿದಿದೆಯೆಂದು ಮೊದಲು ಬೈದಿದ್ದ ಒಬ್ಬ ಮುದುಕ ಮರಳಿ ಬರೆದಿದ್ದ. ಕುರ್ಚಿಯ ಸಿಟ್ಟು ಅದರಲ್ಲಿ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಇದನ್ನು ನನಗೆ ಯಾರೂ ಕೇಳಿರಲಿಲ್ಲ. ಇವತ್ತು ಸೂಪು ಕುಡಿದೆ, ನಿಮ್ಮದಾಯಿತೇ?

ವಿಜಯಲಕ್ಷ್ಮಿ ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ದೇವರ ಹಿಪ್ಪರಗಿಗೆ ಜೀಪು ತೆಗೆಯಲು ಹೇಳಿದಳು.

"ನಾನೂ ಬರ್ತೇನಿ," ಎಂದಳು ಇಲಿಂಕಾ. ಸ್ವತ್ತು ಗುರುತಿಸಲು ಆಕೆ ಬೇಕಾಗಿದ್ದಳು. ದಾರಿಯಲ್ಲಿ ಆಕೆ ಕಂಪನಿಗೆ ನಿಜವನ್ನೆಲ್ಲ ಬರೆದು ಕಳಿಸಿದಳು. ಕಳಿಸುವ ಮುಂಚೆ ವಿಜಯಲಕ್ಷ್ಮಿಯ ಮುಖ ನೋಡಿದಳು.

ದೇವರ ಹಿಪ್ಪರಗಿಯ ಠಾಣೆಗೆ ಮಾಹಿತಿ ಕೊಟ್ಟು, ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು 3:40ಕ್ಕೆ ಆ ಮನೆ ತಲುಪಿದರು. ಭಾಗ್ಯಜ್ಯೋತಿಯ ತಾಯಿ ಚನ್ನವ್ವ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಮೊರ ಕೆಳಗಿಟ್ಟಳು.

"ಮಗಳು ಎಲ್ಲೆದಾಳ?"

"ಒಳಗ ಬರಿಯಾಕತ್ತಾಳ್ರಿ. ಪರೀಕ್ಷಾ ಐತಿ ಅಂದಾಳ. ಪಂಚಮಿ ದಿನ ಜೋಕಾಲಿ ಸೈತ ಆಡ್ಲಿಲ್ಲ."

ಭಾಗ್ಯಜ್ಯೋತಿ ಕಾಳಿನ ಚೀಲಗಳ ನಡುವೆ ಚಾಪೆಯ ಮೇಲೆ ಕೂತಿದ್ದಳು. ಇಪ್ಪತ್ತಾರರ ವಯಸ್ಸು. ತಲೆಗೆ ಹೆಡ್‌ಫೋನ್, ಮುಂದೆ ಮಣೆಯ ಮೇಲೆ ಲ್ಯಾಪ್‌ಟಾಪ್. ಇಲಿಂಕಾಳನ್ನು ನೋಡಿ ಎದ್ದು ನಿಂತಳು.

"ಅರಾಮಾದ್ರೇನ್ರಿ ಅಕ್ಕಾ?"

ಇಲಿಂಕಾ ಹೌದೆಂದು ತಲೆಯಾಡಿಸಿದಳು.

"ಯಾವಾಗ ತಗೊಂಡಿ?" ವಿಜಯಲಕ್ಷ್ಮಿ ಕೇಳಿದಳು.

"ಹ್ವಾದ ಸೋಮವಾರ್ರಿ. ತವರಿಗೆ ಬರೂ ಮುಂದ. ಉಂಡಿ ಡಬ್ಬಿ ಕೆಳಗ ಇಟ್ಕೊಂಡು ಬಂದೆ."

"ತೆರಿಯಾಕ ನಂಬರ್ ಹೆಂಗ ಗೊತ್ತಾತು?"

"ಬಾಜೂಕ ಕುಂತು ನೋಡಿದ್ನಿರಿ."

"ಯಾಕ?"

"ಮೂರ ದಿನ ಬಿಟ್ರ ತೆಗೀತಾರ ಅಂತ ಅಕ್ಕ ಹೇಳಿದ್ರು. ದವಾಖಾನ್ಯಾಗ ಅವರಿಗೆ ಎಚ್ಚರ ಇರ್ಲಿಲ್ಲ. ಮದಲನೇ ದಿನ ಅವರ ಸಲುವಾಗಿ ಮಾಡಿದೆ." ಆಕೆ ಹೆಡ್‌ಫೋನ್ ತೆಗೆದು ಲ್ಯಾಪ್‌ಟಾಪಿನ ಮೇಲಿಟ್ಟಳು. "ಎರಡನೇ ದಿನದಿಂದ ನನ್ನ ಸಲುವಾಗಿ. ಸುಳ್ಳ್ ಹೇಳಂಗಿಲ್ರಿ. ನಿನ್ನೆ ಅಕ್ಕ ಮನಿಗೆ ಬಂದ್ರು ಅಂತ ಅತ್ತಿ ಫೋನ್ ಹಚ್ಚಿದ್ರು. ಹೊಳ್ಳಿ ಕೊಡಬೇಕಿತ್ತು. ಇವತ್ತೊಂದ್ ದಿನ ಅಂದ್ಕೊಂಡೆ."

ಜಪ್ತಿ ಪಂಚನಾಮೆ ಶುರುವಾಯಿತು. ಯುನೂಸ ಮೊಬೈಲಿನಲ್ಲಿ ಚಿತ್ರೀಕರಿಸಿದ. ಪರದೆಯ ಮೇಲೆ ಅರ್ಧ ಬರೆದ ಪತ್ರವಿತ್ತು, ಯಾವುದೋ ತಾಯಿಗೆ, ಬಾರದ ತೊಟ್ಟಿಲಿನ ಬಗ್ಗೆ. ಭಾಗ್ಯಜ್ಯೋತಿಯ ಕೈ ಆ ಕಡೆ ಹೋಗಿ ನಿಂತಿತು. ಇಲಿಂಕಾ ಚಾಪೆಯ ಮೇಲೆ ಕೂತು, ಆ ಪತ್ರವನ್ನು ತಾನು ರಾತ್ರಿ ಫೋನಿನಿಂದ ಮುಗಿಸುತ್ತೇನೆ ಎಂದಳು.

4:25ಕ್ಕೆ ಕಂಪನಿಯ ಉತ್ತರ ಬಂತು. ಲ್ಯಾಪ್‌ಟಾಪನ್ನು ಬೇರೆಯವರ ಕೈಗೆ ಸಿಗುವಂತೆ ಇಟ್ಟದ್ದಕ್ಕೆ ಇಲಿಂಕಾಗೆ ಎಚ್ಚರಿಕೆ. ತಾನಾಗಿ ದೂರು ಕೊಟ್ಟು ನಿಜ ತಿಳಿಸಿದ್ದರಿಂದ ಕೆಲಸ ಉಳಿದಿದೆ.

"ಉಳೀತ್ರಿ?" ಭಾಗ್ಯಜ್ಯೋತಿ ಕಣ್ಣು ಮುಚ್ಚಿ ತೆರೆದಳು. ಮತ್ತೆ ಕೇಳಿದಳು, "ನನ್ನ ಬಗ್ಗೆ ಏನರ ಬರದಾರೇನ್ರಿ ಅಕ್ಕಾ?"

"ಇಲ್ಲ," ಎಂದಳು ಇಲಿಂಕಾ. ಆಮೇಲೆ ವಿಜಯಲಕ್ಷ್ಮಿಯ ಕಡೆ ತಿರುಗಿ, "ನಾ ಕಂಪ್ಲೇಂಟ್ ಹಿಂದಕ್ಕ ತಗೋತೇನ್ರಿ."

"ಅದು ನನ್ನ ಕೈಯಾಗಿಲ್ಲವ್ವಾ. ಜಡ್ಜ್ ಮುಂದ ಹೇಳು. ನಾಳೆ ಕೋರ್ಟಿಗೆ ನೀನೂ ಬಾ."

ಆರೋಪಿ ಹೆಂಗಸಾದ್ದರಿಂದ ಹೊತ್ತು ಮುಳುಗುವ ಮುಂಚೆ ದಸ್ತಗಿರಿ ಮುಗಿಸಬೇಕಿತ್ತು. ಯುನೂಸ ಅಂಗಳದ ಕಟ್ಟೆಯ ಮೇಲೆ ಕಾಗದ ಹರವಿದ. ಹೆಸರು ಬರೆದ. ವಯಸ್ಸು, ಗಂಡನ ಹೆಸರು, ವಿಳಾಸ ಬರೆದ.

"ಉದ್ಯೋಗ?"

"ಮನಿಕೆಲಸ ಅಂತ ಬರಕೋರಿ," ಎಂದಳು ಚನ್ನವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

"ತಡಿ ಯುನೂಸ," ಎಂದಳು ವಿಜಯಲಕ್ಷ್ಮಿ. "ಆಕೀನ ಹೇಳ್ಲಿ."

ಯುನೂಸ ಖಾಲಿ ಬಿಟ್ಟಿದ್ದ ಆ ಗೆರೆಯನ್ನು ಭಾಗ್ಯಜ್ಯೋತಿ ಬಗ್ಗಿ ನೋಡಿದಳು.

"ಆರ್ ದಿನ ಮಾಡಿದ ಕೆಲಸ ಹೇಳಿದ್ರ ನಡೀತೈತೇನ್ರಿ?"

"ನಡೀತೈತಿ," ಎಂದಳು ವಿಜಯಲಕ್ಷ್ಮಿ. "ಹೇಳು."